ರ್ಯಾಪಿಡ್ ಟೆಸ್ಟ್ ನೆಗೆಟಿವ್, ಆದರೂ ವಾಂತಿ ಹರಡುತ್ತಿದೆ: ವಾಂತಿ-ಭೇದಿ ತರುವ ನೊರೊವೈರಸ್‌ನ ಔಟ್‌ಬ್ರೇಕ್ ಎಂದು ಯಾವಾಗ ಹೇಳಬೇಕು?

ವಾರ್ಡ್ ಇನ್‌ಚಾರ್ಜ್:
24 ಹಾಸಿಗೆಯ ವಾರ್ಡ್. 36 ಗಂಟೆಯೊಳಗೆ ನಾಲ್ವರು ರೋಗಿಗಳಿಗೆ ಇದ್ದಕ್ಕಿದ್ದಂತೆ ವಾಂತಿ, ಅವರಲ್ಲಿ ಮೂವರಿಗೆ ಭೇದಿಯೂ ಇದೆ. ಮೂವರು ಒಂದೇ ಬೇಯವರು (ಬೇ ಎಂದರೆ ಕೆಲವು ಹಾಸಿಗೆಗಳು ಒಟ್ಟಿಗಿರುವ ವಾರ್ಡಿನ ಭಾಗ), ಒಬ್ಬರು ಎದುರು ಬೇಯವರು. ಒಬ್ಬ ನರ್ಸ್ ಹೊಟ್ಟೆ ಸರಿಯಿಲ್ಲವೆಂದು ರಜೆಯಲ್ಲಿದ್ದಾರೆ. ಎರಡು ಮಲದ ಸ್ಯಾಂಪಲ್ ರ್ಯಾಪಿಡ್ ಟೆಸ್ಟಿನಲ್ಲಿ ನೆಗೆಟಿವ್. ಪಿಸಿಆರ್ (ವೈರಸ್‌ನ ಜೀನ್ ಹುಡುಕುವ ಲ್ಯಾಬ್ ಪರೀಕ್ಷೆ) ವರದಿ ಬರುವವರೆಗೆ ಕಾಯಬೇಕೇ? ಇಡೀ ವಾರ್ಡ್ ಮುಚ್ಚಬೇಕೇ?

ಸೋಂಕು ನಿಯಂತ್ರಣ ನರ್ಸ್:
ಕಾಯಬೇಡಿ. ಒಂದೇ ಜಾಗಕ್ಕೆ ಸೇರಿದ ಇಬ್ಬರು ಅಥವಾ ಹೆಚ್ಚು ಜನರಿಗೆ ಹೀಗಾದರೆ ಔಟ್‌ಬ್ರೇಕ್ ಎಂದೇ ಹಿಡಿದು ಕೆಲಸ ಶುರುಮಾಡಬೇಕು. ಅರ್ಧಕ್ಕಿಂತ ಹೆಚ್ಚು ಜನರಿಗೆ ವಾಂತಿ, ಸೋಂಕು ತಗುಲಿ ಸರಾಸರಿ 24–48 ಗಂಟೆಗೆ ಲಕ್ಷಣ, ಸರಾಸರಿ 12–60 ಗಂಟೆಯಲ್ಲಿ ಗುಣ, ಮಲದ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರೋಗ ತರುವ ಬ್ಯಾಕ್ಟೀರಿಯಾ ಇಲ್ಲ: ಕಪ್ಲಾನ್ ಮಾನದಂಡದ ಈ ನಾಲ್ಕೂ ಹೊಂದಿದರೆ ಲ್ಯಾಬ್ ಬಾಯಿ ಬಿಡುವ ಮೊದಲೇ ನೊರೊವೈರಸ್ ಎನ್ನಬಹುದು.

ಈಗಲೇ ಲೈನ್ ಲಿಸ್ಟ್ (ಒಬ್ಬೊಬ್ಬ ರೋಗಿಗೆ ಒಂದು ಸಾಲಿನ ಪಟ್ಟಿ) ತೆರೆಯಿರಿ. ಹಾಸಿಗೆ ಸಂಖ್ಯೆ, ಬೇ, ವಾಂತಿ ಎಷ್ಟು ಸಲ, ಭೇದಿ ಎಷ್ಟು ಸಲ, ಸ್ಯಾಂಪಲ್ ಕಳಿಸಿದ ದಿನ, ಹಿಂದಿನ ಮೂರು ದಿನ ಯಾವ ಹಾಸಿಗೆಯಲ್ಲಿದ್ದರು, ಎಲ್ಲಕ್ಕಿಂತ ಮುಖ್ಯವಾಗಿ ಲಕ್ಷಣ ಶುರುವಾದ ಗಂಟೆ. ಎಡವಟ್ಟಾಗುವುದು ಇಲ್ಲೇ. ರಾತ್ರಿ 2.40ಕ್ಕೆ ವಾಂತಿ ಮಾಡಿದವರ ಹೆಸರಿನ ಮುಂದೆ ಬೆಳಗಿನ ರೌಂಡ್ಸ್‌ನ 8 ಗಂಟೆ ಬರೆದರೆ, ರಾತ್ರಿ ಬಿದ್ದ ಎಲ್ಲ ಕೇಸೂ ಒಂದೇ ಹೊತ್ತಿಗೆ ಆದಂತೆ ಕಾಣುತ್ತದೆ. ಆಗ ಒಬ್ಬರಿಂದೊಬ್ಬರಿಗೆ ಹಬ್ಬಿದ್ದನ್ನು ಊಟದಿಂದ ಬಂದದ್ದೆಂದು ತಪ್ಪು ತಿಳಿಯುತ್ತೇವೆ. ಹೊಸ ಕೇಸುಗಳ ಸಂಖ್ಯೆಯನ್ನು 12 ಗಂಟೆಗೊಂದು ಕಂಬದಂತೆ ಗ್ರಾಫ್ ಹಾಕಿ.

ಸಿಬ್ಬಂದಿಯ ರಜೆಯೂ ಅದೇ ಪಟ್ಟಿಗೆ ಬರಲಿ. ರಜೆಯ ವಿಷಯ ಡ್ಯೂಟಿ ಹಾಕುವವರಿಗೆ ಮಾತ್ರ ತಿಳಿದು, ನಮಗೆ ತಲುಪುವುದೇ ಇಲ್ಲ. ಆಯಾ, ಕ್ಲೀನಿಂಗ್‌ನವರು, ಊಟ ಹಂಚುವವರು, ಎಲ್ಲರನ್ನೂ ಕೇಳಿ.

ಮೈಕ್ರೋಬಯಾಲಜಿ:
ರ್ಯಾಪಿಡ್ ಟೆಸ್ಟ್ ಅನೇಕ ನಿಜವಾದ ಕೇಸುಗಳನ್ನು ತಪ್ಪಿಸುತ್ತದೆ. ಅದರ ನೆಗೆಟಿವ್ ನಂಬಿ ಬಾಗಿಲು ತೆರೆಯಬೇಡಿ. ಲಕ್ಷಣ ಶುರುವಾದ 48–72 ಗಂಟೆಯೊಳಗೆ, ಆದಷ್ಟು ಐವರಿಂದ, ನೀರಾದ ಮಲವನ್ನೇ ಡಬ್ಬಿಯಲ್ಲಿ ತೆಗೆದು 4 ಡಿಗ್ರಿಯಲ್ಲಿಟ್ಟು ಪಿಸಿಆರ್‌ಗೆ ಕಳಿಸಿ. ವಾರ್ಡಿನಲ್ಲಿ ದೃಢಪಟ್ಟ ಮೇಲೆ ಹೊಸ ರೋಗಿಗಳೆಲ್ಲರ ಸ್ಯಾಂಪಲ್ ಬೇಕಿಲ್ಲ. ಗುಣವಾದವರಿಗೆ ಮರುಪರೀಕ್ಷೆಯಂತೂ ಬೇಡವೇ ಬೇಡ: ವೈರಸ್ ಮಲದಲ್ಲಿ ಎರಡು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ದಿನ ಹೋಗುತ್ತಿರುತ್ತದೆ.

ವಾರ್ಡ್ ಇನ್‌ಚಾರ್ಜ್:
ಮಲಬದ್ಧತೆಗೆ ಔಷಧ ತೆಗೆದುಕೊಳ್ಳುವವರೊಬ್ಬರಿಗೆ ಇವತ್ತು ಎರಡು ಸಲ ಸಡಿಲವಾಗಿದೆ. ಎಣಿಸಲೇ?

ಸೋಂಕು ನಿಯಂತ್ರಣ ನರ್ಸ್:
24 ಗಂಟೆಯಲ್ಲಿ ಮೂರು ಸಲ ನೀರಾಗಿ ಹೋದರೆ, ಬೇರೆ ಕಾರಣವಿಲ್ಲದಿದ್ದರೆ ಎಣಿಸಿ. ಇವರನ್ನು ‘ಸಂಶಯ’ ಎಂದು ಬರೆದು ಔಷಧ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಕೈಬಿಡಬೇಡಿ, ನಾಳೆ ವಾಂತಿಯಾದರೆ ಲಕ್ಷಣ ಶುರುವಾದ ಗಂಟೆ ಬೇಕಾಗುತ್ತದೆ.

ಸದ್ಯ ಎರಡೂ ಬೇ ಮುಚ್ಚಿ, ಅಲ್ಲಿಂದ ಯಾರನ್ನೂ ಬೇರೆ ವಾರ್ಡಿಗೆ ಕಳಿಸಬೇಡಿ. ಮೂರನೇ ಬೇಗೂ ಹೋದರೆ ಇಡೀ ವಾರ್ಡ್. ಕೈಗೆ ಸೋಪು, ನೀರು. ಆಲ್ಕೋಹಾಲ್ ರಬ್ ಈ ವೈರಸ್‌ಗೆ ಸಾಲದು. ನೆಲ, ಹಿಡಿಕೆಗಳನ್ನು ಮೊದಲು ಡಿಟರ್ಜೆಂಟಿನಿಂದ ತೊಳೆಯಿರಿ, ಕೊಳೆ ಉಳಿದರೆ ಕ್ಲೋರಿನ್ ಅಲ್ಲೇ ಸತ್ತುಹೋಗುತ್ತದೆ. ಬಳಿಕ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಕ್ಲೋರಿನ್ ದ್ರಾವಣ: 5% ಹೈಪೋಕ್ಲೋರೈಟ್ 20 ಎಂಎಲ್, ನೀರು 980 ಎಂಎಲ್. ವಾಂತಿ ಬಿದ್ದ ಜಾಗಕ್ಕೆ 5000 ಪಿಪಿಎಂ, ಅಂದರೆ 100 ಎಂಎಲ್‌ಗೆ 900 ನೀರು. ದಿನವೂ ಹೊಸದಾಗಿ ಕಲಸಿ. ಕ್ಯಾನ್ ಹಳೆಯದಾದರೆ ಶಕ್ತಿ ಇಳಿದಿರುತ್ತದೆ.

ಕಾಯಿಲೆ ಬಿದ್ದ ಸಿಬ್ಬಂದಿ ಲಕ್ಷಣ ನಿಂತು 48 ಗಂಟೆ ಆದ ಮೇಲೆ ಬರಲಿ. ಕೊನೆಯ ರೋಗಿಗೆ ಎಲ್ಲ ನಿಂತು 48 ಗಂಟೆ, ಕೊನೆಯ ಹೊಸ ಕೇಸ್ ಶುರುವಾಗಿ 72 ಗಂಟೆ, ಎರಡೂ ಕಳೆದ ಮೇಲೆ ಪರದೆ ಬದಲಿಸಿ, ಪೂರ್ತಿ ಶುಚಿ ಮಾಡಿ ಬೇ ತೆರೆಯಿರಿ.