ಸಹಾಯ ಬೇಕು: ನಾಯಿಯ ಕಿವಿ ಮೇಲೆ ಹಕ್ಕಳೆ, ಇದು ನೊಣದ ಗಾಯವೋ ಕಜ್ಜಿಯೋ?

ಎಲ್ಲರಿಗೂ ನಮಸ್ಕಾರ. ನಾವು ಹುಮನಾಬಾದ್ ಹತ್ತಿರದ ಹಳ್ಳಿಯವರು. ನಮ್ಮ ನಾಯಿ ರಾಜಾ ಹಗಲೆಲ್ಲ ದನದ ಕೊಟ್ಟಿಗೆಯಲ್ಲೇ ಮಲಗುತ್ತಾನೆ. ಮಳೆ ಶುರುವಾದಾಗಿನಿಂದ ಅವನ ಎರಡೂ ಕಿವಿಯ ತುದಿಯಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತಿದೆ. ತಲೆ ಒದರಿದರೆ ಹಕ್ಕಳೆ ಕಿತ್ತು ರಕ್ತ ಬರುತ್ತದೆ, ಅದಕ್ಕೆ ಮತ್ತೆ ನೊಣ ಮುತ್ತುತ್ತವೆ. ಕಿವಿ ಮುಟ್ಟಿದರೆ ಕುಂಯ್ ಅನ್ನುತ್ತಾನೆ. ನೋಡೋಕೆ ಆಗಲ್ಲ.

ಬೆಚ್ಚಗಿನ ಉಪ್ಪುನೀರಿನಲ್ಲಿ ಒರೆಸಿ ಬೇವಿನ ಎಣ್ಣೆ ಹಚ್ಚಿದೆವು. ನೊಣ ಕಡಿಮೆಯಾದವು, ಗಾಯ ಮಾಯಲಿಲ್ಲ. ಪಶು ವೈದ್ಯರು ನೊಣ ಕಚ್ಚಿದ ಗಾಯ ಎಂದು ಮುಲಾಮು ಕೊಟ್ಟರು. ಒಣಗಿತು, ಮತ್ತೆ ಬಂತು. ಕಿವಿಯ ಒಳಗೆ ಕೀವು, ವಾಸನೆ ಏನೂ ಇಲ್ಲ.

ಗೊಂದಲ ಇರುವುದು ಇಲ್ಲೇ. ನೊಣದ ಗಾಯ ಹೆಚ್ಚಾಗಿ ಕಿವಿ ತುದಿಯಲ್ಲೇ ಆಗುತ್ತದೆ ಅಲ್ವಾ? ಈಗ ಕಿವಿಯ ಅಂಚು ಪೂರ್ತಿ ಬೂದು ಹೊಟ್ಟು ಎದ್ದಿದೆ, ಮುಂಗಾಲಿನ ಮೊಣಕೈ ಹತ್ತಿರವೂ ಕೂದಲು ಉದುರಿದೆ. ಅಂಚನ್ನು ಮೆಲ್ಲಗೆ ಉಜ್ಜಿದರೆ ಸಾಕು, ಹಿಂಗಾಲು ಎತ್ತಿ ಕೆರೆಯಲು ನೋಡುತ್ತಾನೆ. ಹುಳದಿಂದ ಬರುವ ಕಜ್ಜಿಯಲ್ಲಿ ಹೀಗಾಗುತ್ತದೆ, ಅದು ಮನುಷ್ಯರಿಗೂ ಹತ್ತುತ್ತದೆ. ಮನೆಯ ಮಕ್ಕಳು ಅವನನ್ನು ತಬ್ಬಿಕೊಂಡೇ ಇರುತ್ತಾರೆ, ಅದೇ ದೊಡ್ಡ ಚಿಂತೆ. ದನಕ್ಕೆ ಕೊಡುವ ಐವರ್ಮೆಕ್ಟಿನ್ (ಹುಳ ಸಾಯಿಸುವ ಔಷಧಿ) ಹಾಕಿಬಿಡಿ ಎಂದು ಕೆಲವರು ಹೇಳಿದರು. ಅಳತೆ ತಪ್ಪಿದರೆ ನಾಯಿಗೆ ವಿಷ, ಅದಕ್ಕೇ ಹಾಕಿಲ್ಲ.

ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅನುಭವ ಇದ್ದವರು ದಯವಿಟ್ಟು ಹೇಳಿ: ಚರ್ಮ ಕೆರೆದು ನೋಡುವ ಪರೀಕ್ಷೆಗೆ ಮುಂಚೆ ಎಣ್ಣೆ, ಮುಲಾಮು ನಿಲ್ಲಿಸಬೇಕಾ? ಅಲ್ಲಿವರೆಗೆ ನೊಣ ಕೂರದ ಹಾಗೆ ಏನು ಮಾಡಬಹುದು?