ಅಪ್‌ಡೇಟ್: ಹಾರ್ಪರ್ಸ್ ಫೆರಿ ಸೇತುವೆಗೆ ಹೋಗಿ ಬಂದೆವು

ಗೂಡ್ಸ್ ರೈಲು ಹಳಿ ತಪ್ಪಿ ಹಾಳಾಗಿದ್ದ, ಅಮೆರಿಕದ ವೆಸ್ಟ್ ವರ್ಜೀನಿಯಾದ ಪುಟ್ಟ ಊರು ಹಾರ್ಪರ್ಸ್ ಫೆರಿಯ ಕಾಲ್ಸೇತುವೆ ಈಗ ತೆರೆದಿದೆಯಾ, ಅಪ್ಪ-ಅಮ್ಮನ ಜೊತೆ ಹೋಗಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು, ಸೇತುವೆ ತೆರೆದೇ ಇದೆ.

ನನ್ನ ಗೊಂದಲಕ್ಕೆ ಕಾರಣ ಹಳೆಯ ಫೋಟೋಗಳು. 2019ರ ಡಿಸೆಂಬರ್ 21ರ ನಸುಕಿನಲ್ಲಿ ಧಾನ್ಯ ಸಾಗಿಸುವ ಏಳು ಖಾಲಿ ವ್ಯಾಗನ್‌ಗಳು ಹಳಿ ತಪ್ಪಿದ್ದವು. ಕೆಲವು ಪೊಟೊಮ್ಯಾಕ್ ನದಿಗೇ ಬಿದ್ದವು. ಯಾರಿಗೂ ಗಾಯವಾಗಲಿಲ್ಲ, ಆದರೆ ರೈಲು ಸೇತುವೆಗೆ ಅಂಟಿಕೊಂಡಿದ್ದ ಕಾಲುದಾರಿ ಮುರಿಯಿತು. ಅಪಲೇಚಿಯನ್ ಟ್ರೇಲ್ ಅನ್ನೋ ದೂರದ ಚಾರಣ ದಾರಿ ನದಿ ದಾಟುವುದು ಅಲ್ಲೇ! 2020ರ ಜುಲೈನಲ್ಲಿ ಮತ್ತೆ ತೆರೆದರು.

ನದಿಯಾಚೆಯ ಮೇರಿಲ್ಯಾಂಡ್ ರಾಜ್ಯದ ಕಡೆಯಿಂದ ಬಂದರೆ ಸುತ್ತು ಮೆಟ್ಟಿಲು ಹತ್ತಬೇಕು. ಮಂಡಿ ನೋವಿರುವ ಅಮ್ಮನಿಗೆ ಅದು ಕಷ್ಟ. ಹಾಗಾಗಿ ಊರಿನ ಕಡೆಯಿಂದಲೇ ಸೇತುವೆಗೆ ಹೋಗಿ, ಅರ್ಧ ನಡೆದು ವಾಪಸ್ ಬಂದೆವು. ಪಕ್ಕದಲ್ಲೇ ಗೂಡ್ಸ್ ಬಂದಾಗ ಕಾಲಡಿ ಎಲ್ಲ ನಡುಗಿತು. ಅಮ್ಮ ಕಂಬಿ ಬಿಡಲೇ ಇಲ್ಲ. ಅಪ್ಪ ಮಾತ್ರ ಸುಮ್ನೆ ವ್ಯಾಗನ್ ಎಣಿಸುತ್ತಾ ನಿಂತರು, ಎಪ್ಪತ್ತರ ನಂತರ ಲೆಕ್ಕ ತಪ್ಪಿತಂತೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಸ್ಟೇಷನ್. 1889ರ ಮರದ ಕಟ್ಟಡ. 1931ರಲ್ಲಿ ಹಳಿಯ ದಾರಿ ಬದಲಾದಾಗ ಇಡೀ ಕಟ್ಟಡವನ್ನೇ ಸರಿಸಿದರಂತೆ, ನಂಬೋಕಾಗುತ್ತಾ? ಈಗಲೂ ಅಲ್ಲಿ ಪ್ಯಾಸೆಂಜರ್ ರೈಲು ನಿಲ್ಲುತ್ತದೆ. ಮುಂದಿನ ಸಲ ಕಾರು ಬಿಟ್ಟು ವಾಷಿಂಗ್ಟನ್‌ನಿಂದ ರೈಲಿನಲ್ಲೇ ಹೋಗುತ್ತೇವೆ.