ಹುಳದ ಮನೆ ರೇಡಿಯೋಗೆ ಮೊಬೈಲಿನ ಹರಿಕಥೆ ಕೇಳಿಸ್ಬೇಕು, ಯಾವ ಎಫ್‌ಎಂ ಟ್ರಾನ್ಸ್‌ಮಿಟರ್ ತಗೊಳ್ಳಲಿ?

ಹುಳದಮನೆ, ಶಿಡ್ಲಘಟ್ಟ:
ಎಲ್ರಿಗೂ ನಮಸ್ಕಾರ. ನಾವು ರೇಷ್ಮೆ ಮಾಡೋರು. ನಮ್ಮಪ್ಪಂಗೆ 74 ವರ್ಷ, ಕಣ್ಣು ಮಂಜಾಗಿದೆ, ಆದ್ರೂ ಹುಳಕ್ಕೆ ಸೊಪ್ಪು ಹಾಕೋದು ಬಿಟ್ಟಿಲ್ಲ. ಹುಳದ ಮನೇಲಿ ಒಂದು ಹಳೇ ರೇಡಿಯೋ ಮೊಳೆಗೆ ನೇತಾಕಿರ್ತಾರೆ, ಅದು ಹಾಡ್ತಾ ಇದ್ರೇನೇ ಅವ್ರಿಗೆ ಕೈ ಓಡೋದು. ಮೊದಲು ಮೀಡಿಯಂ ವೇವ್ 612ರಲ್ಲಿ ಬೆಂಗಳೂರು ಆಕಾಶವಾಣಿ ಚೆನ್ನಾಗಿ ಬರ್ತಿತ್ತು, ಎಲ್‌ಇಡಿ ಟ್ಯೂಬ್ ಹಾಕ್ಸಿದ್ಮೇಲೆ ಬರೀ ಗೊರಗೊರ. ಮೊಬೈಲ್ ಕೊಟ್ರೆ ಸೊಪ್ಪು ಹಿಡಿದ ಒದ್ದೆ ಕೈಗೆ ಟಚ್ ಕೆಲಸಾನೇ ಮಾಡಲ್ಲ, ಬೇಜಾರಾಗಿ ಪಕ್ಕಕ್ಕಿಟ್ಬಿಡ್ತಾರೆ. ಅವ್ರಿಗೆ ಗೊತ್ತಿರೋದು ರೇಡಿಯೋ ತಿರುಗಣಿ ಒಂದೇ. ಅದಕ್ಕೆ ಮೊಬೈಲಲ್ಲಿರೋ ಹರಿಕಥೆ, ತತ್ವಪದ ಎಲ್ಲಾ ಎಫ್‌ಎಂನಲ್ಲಿ ಬರೋ ಹಾಗೆ ಮಾಡೋಣ ಅಂತ. ಮನೆಯಿಂದ ಹುಳದ ಮನೆಗೆ 40 ಅಡಿ, ಮಧ್ಯೆ ಎರಡು ಗೋಡೆ. ಆನ್‌ಲೈನಲ್ಲಿ 1 ವ್ಯಾಟ್, 7 ವ್ಯಾಟ್ ಅಂತೆಲ್ಲಾ ಇದೆ, ದೊಡ್ಡದೇ ತಗೊಂಡ್ರೆ ಕ್ಲಿಯರಾಗಿ ಬರುತ್ತಾ?

ರೇಡಿಯೋ ರಿಪೇರಿ, ತುಮಕೂರು:
ಅಣ್ಣ ವ್ಯಾಟ್ ಕಡೆ ತಿರುಗೀನೂ ನೋಡ್ಬೇಡಿ. ಇಂಗ್ಲೆಂಡಲ್ಲಿ ಮನೆ ಬಳಕೆಗೆ 2006ರಲ್ಲಿ ಬಿಟ್ಟಿದ್ದು 50 ನ್ಯಾನೋವ್ಯಾಟ್, ಅಂದ್ರೆ ಒಂದು ವ್ಯಾಟನ್ನ ಎರಡು ಕೋಟಿ ಪಾಲು ಮಾಡಿ ಅದ್ರಲ್ಲಿ ಒಂದು ಪಾಲು, ಒಂದು ರೂಮಿಗೆ ಅಷ್ಟು ಸಾಕು. ನಿಮಗೆ ಬೇಕಿರೋದು ದೂರ ಹೋಗೋದಲ್ಲ, ಒಂದೇ ಕಡೆ ನಿಲ್ಲೋದು. ಒಂದೇ ಟ್ರಾನ್ಸಿಸ್ಟರ್ ಮತ್ತೆ ತಾಮ್ರದ ತಂತಿ ಸುತ್ತಿರೋ ಕಿಟ್ ಬರುತ್ತಲ್ಲ ಅದು ಬೇಡವೇ ಬೇಡ, ಬೆಳಿಗ್ಗೆ 98ರಲ್ಲಿ ಇಟ್ರೆ ಬಿಸಿಲೇರೋ ಹೊತ್ತಿಗೆ ಜಾರ್ಕೊಂಡು ಎಲ್ಲೋ ಇರುತ್ತೆ, ನಿಮ್ಮಪ್ಪ ಆ ಕಣ್ಣಲ್ಲಿ ತಿರುಗಣಿ ತಿರುಗಿಸ್ಕೊಂಡೇ ಕೂರ್ಬೇಕಾಗುತ್ತೆ. ಪಿಎಲ್‌ಎಲ್ ಇರೋದು, ಅಂದ್ರೆ ಫ್ರೀಕ್ವೆನ್ಸೀನ ಒಂದೇ ಕಡೆ ಹಿಡಿದಿಡೋ ಸರ್ಕ್ಯೂಟ್ ಇರೋದು, ಅಂಕಿ ತೋರ್ಸೋ ಡಿಸ್‌ಪ್ಲೇ ಇರೋದು ತಗೊಳ್ಳಿ, ಹಾಕಿದ್ ಕಡೆ ಕದಲಲ್ಲ. ಮೋನೋ ಆಪ್ಷನ್ ಇದ್ರೆ ಮೋನೋನೇ ಇಡಿ, ಹಳೇ ರೇಡಿಯೋಗೆ ಇರೋದೇ ಒಂದು ಸ್ಪೀಕರ್ರು, ಸ್ಟೀರಿಯೋ ಆದ್ರೆ ಸುಮ್ನೆ ಸುರ್ ಅನ್ನೋ ಶಬ್ದ ಜಾಸ್ತಿ. ಇನ್ನೊಂದು, ಮನೆಯಿಂದ ಯಾಕೆ ಕಳಿಸ್ತೀರಾ? ಹಳೇ ಫೋನಿಗೆ ಹರಿಕಥೆ ತುಂಬಿಸಿ ಟ್ರಾನ್ಸ್‌ಮಿಟರ್ ಜೊತೆ ಹುಳದ ಮನೇಲೇ ಇಡಿ, 40 ಅಡಿ ಹೋಗಿ 8 ಅಡಿ ಆಗುತ್ತೆ.

ಕೇಬಲ್ ಕಾಲದವನು, ಬಂಗಾರಪೇಟೆ:
ಕಾನೂನಿನ ಮಾತೂ ಗಮನದಲ್ಲಿರ್ಲಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ರೇಡಿಯೋ ಪ್ರಸಾರ ಮಾಡೋ ಹಾಗಿಲ್ಲ, 1933ರ ಕಾಯ್ದೇಲಿ ಅಂಥ ಉಪಕರಣ ಇಟ್ಕೊಳ್ಳೋಕೂ ಲೈಸೆನ್ಸ್ ಬೇಕು ಅಂತಿತ್ತು, 2023ರ ಟೆಲಿಕಾಂ ಕಾಯ್ದೇಲೂ ಅನುಮತಿ ಅನ್ನೋದು ಇದ್ದೇ ಇದೆ. ನಮ್ಮ ಪಕ್ಕದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಅನ್ನೋ ಹಳ್ಳಿ ರೇಡಿಯೋ ಶುರುವಾದಾಗ ಹಳ್ಳಿಯವ್ರಿಗೆ ಲೈಸೆನ್ಸ್ ಸಿಕ್ತಿರ್ಲಿಲ್ಲ, ಅದಕ್ಕೆ ಕೇಬಲ್ ಎಳೆದು ಮನೆಮನೆಗೆ ಕೇಳಿಸಿದ್ರು. ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ಬಾಗಿಲು ತೆಗೆದಿದ್ದು 2006ರಲ್ಲಿ, ಅದಕ್ಕೂ 100 ವ್ಯಾಟಿನ ಮಿತಿ. ಹಂಗಿರುವಾಗ ಮನೇಲಿ 7 ವ್ಯಾಟ್ ಇಟ್ರೆ ನೇರ ತಪ್ಪು. ಅದೂ ಅಲ್ದೆ 108 ಮೆಗಾಹರ್ಟ್ಸ್ ದಾಟಿದ್ರೆ ಮೇಲೆ ವಿಮಾನದವ್ರ ಬ್ಯಾಂಡು, ಕಳಪೆ ಟ್ರಾನ್ಸ್‌ಮಿಟರ್ ಅಲ್ಲಿಗೂ ಕಸ ಎರಚುತ್ತೆ. ಅನುಮಾನಾನೇ ಬೇಡ ಅಂದ್ರೆ ರೇಡಿಯೋ ಒಳಗೆ ವಾಲ್ಯೂಮ್ ಕಂಟ್ರೋಲಿಗೆ ಒಂದು ತಂತಿ ಬೆಸುಗೆ ಹಾಕ್ಸಿ, ಸಣ್ಣ ಬ್ಲೂಟೂತ್ ಬೋರ್ಡ್ ಕೂರಿಸ್ಬಹುದು.

ಹುಳದಮನೆ, ಶಿಡ್ಲಘಟ್ಟ:
ಇಬ್ರಿಗೂ ಥ್ಯಾಂಕ್ಸ್ ಅಣ್ಣ. ರೇಡಿಯೋ ಬಿಚ್ಚಕ್ಕೆ ಅಪ್ಪ ಒಪ್ತಿಲ್ಲ, ಅವ್ರ ಮದುವೇಲಿ ಬಂದಿದ್ದಂತೆ. ಕಾರಿಗೆ ಹಾಕೋ ಸಣ್ಣ ಬ್ಲೂಟೂತ್ ಟ್ರಾನ್ಸ್‌ಮಿಟರ್ ತಂದೆ, 12 ವೋಲ್ಟ್ ಅಡಾಪ್ಟರಿಗೆ ಹಾಕಿ 88.3ರಲ್ಲಿ ಇಟ್ರೆ ಹರಿಕಥೆ ಬರುತ್ತೆ, ಹಿಂದೆ ಗುಂಯ್ ಅನ್ನೋ ಶಬ್ದಾನೂ ಬರುತ್ತೆ. ಪವರ್‌ಬ್ಯಾಂಕಿಗೆ ಹಾಕೋ ಯುಎಸ್‌ಬಿ ಮಾಡೆಲ್ ಒಂದು ಗೆಳೆಯನ ಹತ್ರ ಸಿಕ್ತು, ಗುಂಯ್ ಇಲ್ಲ, ಆದ್ರೆ ಸ್ವಲ್ಪ ಹೊತ್ತಿಗೆ ಪವರ್‌ಬ್ಯಾಂಕೇ ಆಫ್ ಆಗ್ಬಿಡುತ್ತೆ.

ರೇಡಿಯೋ ರಿಪೇರಿ, ತುಮಕೂರು:
ಗುಂಯ್ ಅಂದ್ರೆ ಅಡಾಪ್ಟರ್ ಕಳಪೆ. ಪವರ್‌ಬ್ಯಾಂಕು ಟ್ರಾನ್ಸ್‌ಮಿಟರ್ ಎಳೆಯೋ ಕರೆಂಟು ತೀರಾ ಕಮ್ಮಿ ಆಗಿ ಏನೂ ಹಾಕಿಲ್ಲ ಅಂದ್ಕೊಂಡು ಮಲಗುತ್ತೆ, ಫೋನನ್ನೂ ಅದಕ್ಕೇ ಚಾರ್ಜಿಗೆ ಹಾಕಿ ನೋಡಿ. ಫೋನ್ ವಾಲ್ಯೂಮ್ ಪೂರ್ತಿ ಏರಿಸ್ಬೇಡಿ, ಮುಕ್ಕಾಲು ಸಾಕು, ಇಲ್ದಿದ್ರೆ ದಾಸರ ಗಂಟಲು ಒಡೆದಂಗೆ ಕೇಳುತ್ತೆ.

ಹುಳದಮನೆ, ಶಿಡ್ಲಘಟ್ಟ:
ಆಯ್ತಣ್ಣ! ಎರಡನ್ನೂ ಒಂದೇ ಪವರ್‌ಬ್ಯಾಂಕಿಗೆ ಹಾಕಿ ತಟ್ಟೆ ಸ್ಟ್ಯಾಂಡಿನ ಕೆಳಗಿಟ್ಟೆ, ಈಗ ಆಫ್ ಆಗ್ತಿಲ್ಲ. ಇನ್ನೊಂದು ಫೋನಿಗೆ ಇಯರ್‌ಫೋನ್ ಹಾಕ್ಕೊಂಡು ರೇಡಿಯೋ ಆನ್ ಮಾಡಿ ನಡ್ಕೊಂಡು ಹೋದೆ, ಬಾಗಿಲು ದಾಟಿ ಹೊಂಗೆ ಮರ ಬರೋಷ್ಟ್ರಲ್ಲಿ ಪೂರ್ತಿ ಹೋಯ್ತು, ಪಕ್ಕದ ಮನೆಗೂ ಮುಟ್ಟಲ್ಲ, ಸಮಾಧಾನ ಆಯ್ತು. ಡಯಲ್ ಮೇಲೆ 88ರ ಹತ್ರ ಎಂಸೀಲ್ ಒಂದು ಕಾಳಷ್ಟು ಅಂಟಿಸಿದೀನಿ, ಅಪ್ಪ ಬೆರಳಲ್ಲಿ ತಡವಿ ಮುಳ್ಳು ಅಲ್ಲಿಗೆ ತರ್ತಾರೆ. ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದಿದೆ, ಸೊಪ್ಪು ತಿನ್ನೋ ಸದ್ದು ಮಳೆ ಬಂದಂಗೆ, ಅದ್ರ ಮೇಲೆ ಹರಿಕಥೆ. ರಾತ್ರಿ ಹನ್ನೊಂದಾದ್ರೂ ಅಪ್ಪ ಆಚೆ ಬಂದಿಲ್ಲ.